ಕೆರೆಯ ಹಸಿರು ರವೆ

ಪ್ರಶ್ನೆ: ಕೆರೆಯ ನೀರಿನ ಮೇಲೆ ರವೆ ಚೆಲ್ಲಿದಂತೆ ತೇಲುವ ಹಸಿರು ಕಣಗಳು ಪಾಚಿಯೇ? ಅವನ್ನು ಮನೆಯ ಅಕ್ವೇರಿಯಂನಲ್ಲಿ ಬೆಳೆಸಬಹುದೇ?

ಉತ್ತರ: ಅವು ಪಾಚಿಯಲ್ಲ, ಹೂ ಬಿಡುವ ಸಸ್ಯಗಳು. ವುಲ್ಫಿಯಾ ಎಂಬ ಈ ಕುಲದ ಪ್ರಭೇದಗಳು ಜಗತ್ತಿನ ಅತಿ ಚಿಕ್ಕ ಹೂ ಸಸ್ಯಗಳಾಗಿದ್ದು, ಒಂದೊಂದು ಸಾಮಾನ್ಯವಾಗಿ 1 ಮಿಲಿಮೀಟರಿಗಿಂತಲೂ ಕಿರಿದಾಗಿರುತ್ತದೆ. ಬೇರಿಲ್ಲದ, ಕಾಂಡ ಮತ್ತು ಎಲೆಗಳೆಂಬ ವಿಂಗಡಣೆಯೂ ಇಲ್ಲದ ಇದರ ದೇಹಕ್ಕೆ ಸಸ್ಯವಿಜ್ಞಾನಿಗಳು ಫ್ರಾಂಡ್ ಎನ್ನುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ತಾಯಿಕಣದ ಒಂದು ತುದಿಯ ಕುಳಿಯಿಂದ ಮರಿಕಣವು ಅರ್ಧ ಹೊರಚಾಚಿರುವುದು ಕಾಣುತ್ತದೆ. ಹೂ ಬಿಡುವುದು ಅಪರೂಪವಾದರೂ ಹೀಗೆ ಮೊಗ್ಗೊಡೆಯುವ ಕಾಯಜ ಸಂತಾನೋತ್ಪತ್ತಿಯಿಂದಲೇ, ಅಂದರೆ ಬೀಜದ ಹಂಗಿಲ್ಲದೆ, ಇವು ಅನುಕೂಲ ಪರಿಸ್ಥಿತಿಯಲ್ಲಿ ಕೆಲವೇ ದಿನಗಳಲ್ಲಿ ಇಮ್ಮಡಿಯಾಗುತ್ತವೆ. ಇದೇ ಬಳಗದ ಲೆಮ್ನಾದಲ್ಲಿ ಪ್ರತಿ ಫ್ರಾಂಡಿಗೆ ಒಂದೇ ಬೇರು, ಸ್ಪೈರೋಡೆಲಾದಲ್ಲಿ ಬೇರುಗಳ ಗೊಂಚಲು ಇರುವುದರಿಂದ ಗುರುತಿಸುವುದು ಕಷ್ಟವಲ್ಲ.

ಅಕ್ವೇರಿಯಂನಲ್ಲಿ ಇವನ್ನು ಬೆಳೆಸಬಹುದು; ಸಂಗ್ರಹಕ್ಕೆ ಚಹಾ ಸೋಸುವ ಜಾಲರಿಯೇ ಸಾಕು. ಆದರೆ ಈ ಸಸ್ಯಗಳು ನೀರಿನಲ್ಲಿರುವ ಭಾರಲೋಹಗಳನ್ನೂ ಹೀರಿಕೊಳ್ಳುವುದರಿಂದ, ಚರಂಡಿ ನೀರು ಸೇರುವ ಕೆರೆಯಿಂದ ತಂದು ಮೀನಿಗೆ ತಿನ್ನಿಸುವುದು ವಿವೇಕವಲ್ಲ. ತಂದದ್ದನ್ನು ಹಲವು ಬಾರಿ ತೊಳೆದು, ಬಸವನಹುಳುವಿನ ಮೊಟ್ಟೆ, ಮರಿಮೀನನ್ನು ಹಿಡಿಯುವ ಕೊಡತಿ ಹುಳುವಿನ ಮರಿ ಮುಂತಾದವು ಇದ್ದರೆ ಕಣ್ಣಿಗೆ ಬೀಳುವಂತೆ ಕೆಲವು ವಾರ ಬಿಳಿ ಬಕೆಟ್ಟಿನಲ್ಲಿ ಪ್ರತ್ಯೇಕವಾಗಿರಿಸಬೇಕು. ತೊಟ್ಟಿಯಲ್ಲಿ ಈ ಸಸ್ಯಗಳಿಗೆ ಬೆಳಕು ಮತ್ತು ನಿಶ್ಚಲ ಮೇಲ್ಮೈ ಬೇಕು. ಫಿಲ್ಟರಿನ ನೀರಧಾರೆ ಒಮ್ಮೆ ಮುಳುಗಿಸಲು ಆರಂಭಿಸಿದರೆ ಬೆಳವಣಿಗೆ ಕುಂಠಿತವಾಗುತ್ತದೆ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ಅವು ಗೊಬ್ಬರವಾಗಿ ಬಳಸುವುದು ಲಾಭವೇ ಸರಿ, ಆದರೆ ಮೇಲ್ಮೈಯನ್ನೆಲ್ಲ ಮುಚ್ಚಿದರೆ ಕೆಳಗಿನ ಗಿಡಗಳಿಗೆ ಬೆಳಕು ತಪ್ಪುವ ಕಾರಣ ಆಗಾಗ ಅರ್ಧದಷ್ಟನ್ನು ತೆಗೆದು, ಕೆರೆಗೆ ಸುರಿಯದೆ, ಹೂಕುಂಡದ ಮಣ್ಣಿಗೆ ಬೆರೆಸುವುದು ಲೇಸು. ಗೋಲ್ಡ್‌ಫಿಶ್ ಇವನ್ನು ತಿನ್ನುವುದರಿಂದ ಅದನ್ನು ಸಾಕಿದವರಿಗಂತೂ ಆ ಕೆಲಸವೂ ಬಹುಪಾಲು ತಪ್ಪುತ್ತದೆ.