ಸಿಗರೇಟು ಬಿಡಲು ಯಾವ ಔಷಧಿ?

ರಮಝಾನಿನ ಹಗಲಿಡೀ ಸಿಗರೇಟು ಮುಟ್ಟದ ನನ್ನ ಭಾವ, ಇಫ್ತಾರಿನ ಖರ್ಜೂರ ಬಾಯಲ್ಲಿರುವಾಗಲೇ ಅಂಗಳಕ್ಕೆ ಇಳಿಯುತ್ತಿದ್ದರು. "ಹದಿಮೂರು ಗಂಟೆ ಬಿಟ್ಟಿರುವವರಿಗೆ ಪೂರ್ತಿ ಬಿಡಲು ಏನು ಕಷ್ಟ?" ಎಂದು ಅಕ್ಕ ಪ್ರತಿ ವರ್ಷ ಕೇಳುವರು. ಕೊನೆಗೊಮ್ಮೆ ಮೆಡಿಕಲ್ ಅಂಗಡಿಯಿಂದ ನಿಕೋಟಿನ್ ಗಮ್ ತರಿಸಿಕೊಟ್ಟರು. ನಾಲ್ಕೇ ದಿನ! ಬಿಕ್ಕಳಿಕೆ, ಎದೆಯುರಿ ಎಂದು ಭಾವ ಅದನ್ನು ಬಿಸಾಡಿದರು.

ತಪ್ಪು ಗಮ್‌ನದ್ದಲ್ಲ. ಅವರು ಅದನ್ನು ಮಕ್ಕಳ ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿದು, ಜೊತೆಗೆ ಚಹಾ ಕುಡಿಯುತ್ತಿದ್ದರು. ನಿಧಾನವಾಗಿ ಅಗಿದು, ಖಾರದ ರುಚಿ ಬಂದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಸುಮಾರು ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲಿನಿಂದಲೇ ಚಹಾ, ಕಾಫಿ, ತಂಪು ಪಾನೀಯ ಬೇಡ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಸೇದುವವರಿಗೆ 4 ಮಿಲಿಗ್ರಾಂನದ್ದು, ಉಳಿದವರಿಗೆ 2 ಮಿಲಿಗ್ರಾಂನದ್ದು ಸಾಕು.

"ನಿಕೋಟಿನ್ ಬಿಡಿಸಲು ನಿಕೋಟಿನ್ನೇ?" ಎಂದು ಹಲವು ಸಹೋದರಿಯರು ಕೇಳುತ್ತಾರೆ. ಚಟ ಹಿಡಿಸುವುದು ನಿಕೋಟಿನ್, ನಿಜ. ಆದರೆ ಕ್ಯಾನ್ಸರ್ ತರುವುದು ಹೊಗೆಯಲ್ಲಿರುವ ಟಾರ್ ಮತ್ತಿತರ ವಿಷಗಳು. (ಬೀಡಿ ಕಟ್ಟಿ ಮನೆ ನಡೆಸುವ ಸಹೋದರಿಯರೂ ಇದನ್ನು ಓದುತ್ತಾರೆಂದು ನೆನೆದು ಸಂಕೋಚವಾಗುತ್ತದೆ. ಆದರೂ ಹೇಳಲೇಬೇಕು.)

ಇನ್ನೊಂದು, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ. ದಿನವಿಡೀ ನಿಧಾನವಾಗಿ ಮದ್ದು ಇಳಿಯುತ್ತದೆ. ಉಪವಾಸದಲ್ಲಿ ಗಮ್ ಸಲ್ಲದು. ಆದರೆ ಚರ್ಮದ ಮೂಲಕ ಒಳಸೇರುವ ಔಷಧಿಯ ಪಟ್ಟಿಗಳಿಂದ ಉಪವಾಸ ಮುರಿಯುವುದಿಲ್ಲವೆಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1997ರಲ್ಲಿ ಜಿದ್ದಾದಲ್ಲಿ ತೀರ್ಮಾನಿಸಿದೆ.

ಮಾತ್ರೆಗಳು ಎರಡು: ಬುಪ್ರೊಪಿಯಾನ್ ಮತ್ತು ವರೆನಿಕ್ಲಿನ್. ವೈದ್ಯರ ಚೀಟಿ ಬೇಕೇ ಬೇಕು. ಬುಪ್ರೊಪಿಯಾನ್ ಅಪಸ್ಮಾರ ಇರುವವರಿಗೆ ಕೂಡದು. ವರೆನಿಕ್ಲಿನನ್ನು ಸಿಗರೇಟು ಬಿಡುವ ದಿನಕ್ಕಿಂತ ಒಂದು ವಾರ ಮೊದಲೇ ಶುರುಮಾಡಿ, ಸಾಮಾನ್ಯವಾಗಿ 12 ವಾರ ಸೇವಿಸಬೇಕು. ಓಕರಿಕೆ, ವಿಚಿತ್ರ ಕನಸುಗಳು ಸಾಮಾನ್ಯ. ಊಟದ ನಂತರ ತುಂಬು ಲೋಟ ನೀರಿನೊಂದಿಗೆ ನುಂಗಿದರೆ ಓಕರಿಕೆ ಕಡಿಮೆ.

ಇವುಗಳಲ್ಲಿ ಮೇಲು ಯಾವುದು? 2016ರಲ್ಲಿ ಪ್ರಕಟವಾದ 'ಈಗಲ್ಸ್' ಅಧ್ಯಯನದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಲಾಯಿತು. 9ನೇ ವಾರದಿಂದ 24ನೇ ವಾರದವರೆಗೆ ಸಿಗರೇಟು ಮುಟ್ಟದೆ ಉಳಿದವರು ನೂರಕ್ಕೆ ಇಷ್ಟು: ವರೆನಿಕ್ಲಿನ್‌ನಲ್ಲಿ 22, ಬುಪ್ರೊಪಿಯಾನ್ ಮತ್ತು ಪಟ್ಟಿಯಲ್ಲಿ ತಲಾ 16, ಮದ್ದಿಲ್ಲದ ಹುಸಿ ಮಾತ್ರೆಯಲ್ಲಿ 9. ಮನಸ್ಸು ಕೆಡುತ್ತದೆಂಬ ಭಯದಿಂದ 2009ರಲ್ಲಿ ಅಮೆರಿಕವು ಈ ಎರಡೂ ಮಾತ್ರೆಗಳ ಮೇಲೆ ಹಾಕಿದ್ದ ಕಠಿಣ ಎಚ್ಚರಿಕೆಯನ್ನು ಈ ಅಧ್ಯಯನದ ನಂತರ, 2016ರಲ್ಲಿ ತೆಗೆಯಲಾಯಿತು. ಆದರೂ ವರ್ತನೆಯಲ್ಲಿ ಬದಲಾವಣೆ ಕಂಡರೆ ವೈದ್ಯರಿಗೆ ತಿಳಿಸಬೇಕು.

ಅತ್ಯುತ್ತಮವೆನಿಸಿದ ಮಾತ್ರೆಯಲ್ಲೂ ನೂರಕ್ಕೆ 78 ಮಂದಿ ಮತ್ತೆ ಸೇದಿದ್ದರು! ಆದ್ದರಿಂದ ಮೊದಲ ಸಲ ಸೋತವರನ್ನು "ನಿಮ್ಮಿಂದಾಗದು" ಎಂದು ಹಂಗಿಸಬೇಡಿ. ಪಟ್ಟಿ ಮತ್ತು ಗಮ್ ಎರಡನ್ನೂ ಜೊತೆಯಾಗಿ ಬಳಸಿದರೆ, ಒಂದನ್ನೇ ಬಳಸುವುದಕ್ಕಿಂತ ಫಲ ಹೆಚ್ಚು. ಆಸ್ಪತ್ರೆ ದೂರವಿದ್ದವರು ಸರಕಾರದ ಉಚಿತ ನಂಬರ್ 1800-11-2356ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ.

ಅಕ್ಕ ಆ ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ. ಭಾವನಿಗೀಗ ಪಟ್ಟಿಯ ಐದನೇ ವಾರ. ಮಧ್ಯೆ ಎರಡು ಸಲ ಸೇದಿದ್ದಾರೆ. ಅಕ್ಕನಿಗೆ ಗೊತ್ತು, ಕೇಳಿಲ್ಲ.