ಬಿಲದಿಂದ ಹೊರಟದ್ದೆಲ್ಲ ಕಡಜವಲ್ಲ

ಮಳೆಗಾಲ ಮುಗಿದು ತೋಟದಲ್ಲಿ ಹುಲ್ಲು ಸವರುವ ಕೆಲಸ ಶುರುವಾಯಿತೆಂದರೆ ಮಲೆನಾಡು, ಕರಾವಳಿಯ ಊರುಗಳಲ್ಲಿ ‘ಕಡಜ ಎದ್ದವಂತೆ’ ಎಂಬ ಸುದ್ದಿಯೂ ಶುರು. ಕಳೆ ಕೊಚ್ಚುವ ಯಂತ್ರದ ಅದುರು ಧರೆಯ ಅಂಚಿನ ತೂತೊಂದಕ್ಕೆ ತಾಗುತ್ತದೆ. ಹುಳುಗಳು ಭುಗಿಲೆದ್ದು ಬರುತ್ತವೆ. ಯಂತ್ರ ಬಿಸಾಡಿ ಎಲ್ಲರೂ ಓಡುತ್ತಾರೆ. ಸಂಜೆಯೊಳಗೆ ಪೆಟ್ರೋಲ್ ಬಾಟಲಿ, ಪಂಜು ಸಿದ್ಧವಾಗುತ್ತವೆ. ತೂತಿನೊಳಗೆ ಇರುವುದು ಯಾವ ಹುಳು ಎಂದು ಮಾತ್ರ ಯಾರೂ ನೋಡಿರುವುದಿಲ್ಲ. ಈ ಆತುರವೇ ಅರ್ಧ ಅನಾಹುತಕ್ಕೆ ಕಾರಣ. ನೆಲದ ಹುಳುಗಳ ಬಗ್ಗೆ ನಮ್ಮಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸೋಣ.

ತಪ್ಪು ಕಲ್ಪನೆ: ನೆಲದೊಳಗೆ ಗೂಡು ಮಾಡುವ ಹುಳುಗಳೆಲ್ಲ ಕಡಜಗಳೇ.

ಸತ್ಯ: ಮೂವತ್ತು ಅಡಿ ದೂರದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ, ವ್ಯತ್ಯಾಸ ತಿಳಿಯುತ್ತದೆ. ತೂತಿಗೆ ಒಂದೇ ಹುಳು ಹೋಗಿ ಬರುತ್ತಿದ್ದರೆ ಅದು ಒಂಟಿಯಾಗಿ ಬದುಕುವ ಜಾತಿ. ಅಕ್ಕಪಕ್ಕ ಹತ್ತಾರು ತೂತುಗಳಿದ್ದರೂ ಒಂದೊಂದಕ್ಕೆ ಒಬ್ಬಳೇ ಒಡತಿ. ಮಣ್ಣು ಕೊರೆಯುವ ಕಣಜಗಳು, ಹೊಟ್ಟೆಯ ಮೇಲೆ ನೀಲಿ ಪಟ್ಟಿಯಿರುವ ಒಂಟಿ ಜೇನುಗಳು ಈ ಗುಂಪಿನವು. ಕಾಯಲು ಸೈನ್ಯವಿಲ್ಲದ ಇವು ಕೈಯಲ್ಲಿ ಹಿಡಿದು ಅಮುಕದ ಹೊರತು ಚುಚ್ಚುವುದು ಅಪರೂಪ.

ಹುತ್ತದಿಂದಲೋ ಕಲ್ಲುಕಟ್ಟೆಯ ಸಂದಿಯಿಂದಲೋ ಕಂದು ಬಣ್ಣದ, ಪಟ್ಟೆಪಟ್ಟೆಯ ಸಣ್ಣ ಹುಳುಗಳು ಸಾಲಾಗಿ ಹೊರಟು, ಹಿಂಗಾಲಿನಲ್ಲಿ ಪರಾಗದ ಉಂಡೆ ಹೊತ್ತು ಮರಳುತ್ತಿದ್ದರೆ ಅದು ತುಡುವೆ ಜೇನು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿತ್ತು. ಅಂಥ ಪೆಟ್ಟು ತಿಂದು ಚೇತರಿಸಿಕೊಂಡ ಜೇನನ್ನು ಕಡಜವೆಂದು ಸುಡುವುದು ದೊಡ್ಡ ತಪ್ಪು. ಜೇನು ಸಾಕುವವರಿಗೆ ಹೇಳಿ ಕಳಿಸಿದರೆ ರಾಣಿ ಸಮೇತ ಪೆಟ್ಟಿಗೆಗೆ ತುಂಬಿಸಿಕೊಂಡು ಹೋಗುತ್ತಾರೆ.

ಸುಮಾರು ಒಂದಂಗುಲ ಉದ್ದದ ಕಪ್ಪು ಹುಳು, ಹೊಟ್ಟೆಯ ಸುತ್ತ ಅಗಲವಾದ ಹಳದಿ ಪಟ್ಟಿ, ಒಂದೇ ಬಾಯಿಂದ ನಿಲ್ಲದ ಓಡಾಟ: ಇದು ನಿಜವಾದ ಕಡಜ. ಇದಕ್ಕೆ ಹೆದರಲೇಬೇಕು.

ತಪ್ಪು ಕಲ್ಪನೆ: ಕಣಜ ಬೇರೊಂದು ಹುಳುವನ್ನು ತಂದು, ಗುಂಯ್‌ಗುಟ್ಟಿ ತನ್ನಂತೆಯೇ ಮಾಡಿಕೊಳ್ಳುತ್ತದೆ.

ಸತ್ಯ: ಕೀಟ-ಭ್ರಮರ ನ್ಯಾಯವೆಂದು ನಮ್ಮ ತತ್ವಶಾಸ್ತ್ರದಲ್ಲಿ ಬಳಕೆಯಲ್ಲಿರುವ ಸುಂದರ ಉಪಮೆಯಿದು. ಅಂಗಳದಲ್ಲಿ ನಡೆಯುವುದು ಬೇರೆಯೇ. ಎಳೆನೂಲಿನಂಥ ಸೊಂಟದ ಕಣಜ ತನಗಿಂತ ಭಾರದ ಹಸಿರು ಕಂಬಳಿಹುಳುವನ್ನು ಎಳೆದು ತರುತ್ತದೆ. ಅದು ಸತ್ತಿಲ್ಲ, ಚುಚ್ಚಿಸಿಕೊಂಡು ಕೈಕಾಲು ಸೋತು ಬಿದ್ದಿದೆ. ಬಿಲದೊಳಗೆ ಇಳಿಸಿ ಅದರ ಮೈಮೇಲೆ ಒಂದು ಮೊಟ್ಟೆಯಿಟ್ಟು, ಹರಳು, ಮಣ್ಣು ತುಂಬಿ, ತಲೆಯಿಂದ ಒತ್ತಿ ಬಾಯಿ ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿ ಆ ಹುಳುವನ್ನು ತಿಂದು ಬೆಳೆಯುತ್ತದೆ. ಕೆಲವು ವಾರಗಳ ಮೇಲೆ ಅದೇ ಬಿಲದಿಂದ ಕಣಜ ಹೊರಬರುವುದನ್ನು ಕಂಡವರು ಹುಳುವೇ ಕಣಜವಾಯಿತೆಂದು ತಿಳಿದರು. ರೈತನಿಗೆ ಇದರಲ್ಲೊಂದು ಲಾಭವಿದೆ. ಬಿಲ ಸೇರಿದ ಒಂದೊಂದು ಕಂಬಳಿಹುಳುವೂ ತರಕಾರಿ ಮಡಿಯಿಂದ ಕಡಿಮೆಯಾದ ಲೆಕ್ಕ.

ತಪ್ಪು ಕಲ್ಪನೆ: ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರೆ ಕಡಜದ ಕಾಟ ಮುಗಿಯಿತು.

ಸತ್ಯ: ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲಕ್ಕಂಟಿಕೊಂಡೇ ಹರಿದು ಕಡ್ಡಿ ಗೀರಿದವನ ಕಾಲ ಬಳಿಯೇ ಹೊತ್ತಿಕೊಳ್ಳಬಹುದು. ಒಣ ದರಗು ಬಿದ್ದ ತೋಟಕ್ಕೆ ಕಿಡಿ ಹಾರಿದರೆ ಗತಿಯೇನು? ಸುರಿದ ಎಣ್ಣೆ ಮಣ್ಣನ್ನು ಕೆಡಿಸುತ್ತದೆ, ಹತ್ತಿರ ಬಾವಿಯಿದ್ದರೆ ನೀರನ್ನೂ ಕೆಡಿಸೀತು. ಬಿಲಕ್ಕೆ ಎರಡನೆಯ ಬಾಯಿ ಇದ್ದರಂತೂ ರೊಚ್ಚಿಗೆದ್ದ ಹುಳುಗಳು ಬೆನ್ನ ಹಿಂದಿನಿಂದ ಬರುತ್ತವೆ.

ತಪ್ಪು ಕಲ್ಪನೆ: ರಾತ್ರಿ ಕಡಜಕ್ಕೆ ಕಣ್ಣು ಕಾಣುವುದಿಲ್ಲ, ಹೊಗೆ ಹಾಕಿದರೆ ಸುಮ್ಮನಾಗುತ್ತದೆ.

ಸತ್ಯ: ಕಡಜಗಳು ಕತ್ತಲಲ್ಲೂ ಬೆಳಕಿನತ್ತ ಹಾರಿ ಬರುತ್ತವೆ. ಟಾರ್ಚ್ ಹಿಡಿದ ಕೈಯೇ ಅವಕ್ಕೆ ಗುರಿ. ಇನ್ನು ಹೊಗೆಯ ಮಾತು. ಜೇನುಹುಳು ಹೊಗೆ ಕಂಡೊಡನೆ ತುಪ್ಪ ಹೀರಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಅಪಾಯ ಸಾರುವ ವಾಸನೆಯೂ ಹೊಗೆಯಲ್ಲಿ ಅಡಗುತ್ತದೆ. ಅದಕ್ಕೇ ಜೇನು ಮಣಿಯುತ್ತದೆ. ಕಡಜದ ಗೂಡಿನಲ್ಲಿ ಹಾಗೆ ಹೀರಿಕೊಳ್ಳಲು ತುಪ್ಪದ ದಾಸ್ತಾನಿಲ್ಲ. ಜೇನಿಗೆ ನಡೆಯುವ ಉಪಾಯವನ್ನು ಇಲ್ಲಿ ನಂಬಿ ಹತ್ತಿರ ಹೋಗಬೇಡಿ.

ತಪ್ಪು ಕಲ್ಪನೆ: ಒಮ್ಮೆ ಚುಚ್ಚಿದ ಹುಳು ಸಾಯುತ್ತದೆ.

ಸತ್ಯ: ಸಾಯುವುದು ಜೇನುಹುಳು. ಅದರ ಮುಳ್ಳಿಗೆ ಕೊಕ್ಕೆಗಳಿದ್ದು, ವಿಷದ ಚೀಲದೊಂದಿಗೆ ಚರ್ಮದಲ್ಲೇ ಉಳಿದುಬಿಡುತ್ತದೆ. ಆ ಚೀಲ ಆಮೇಲೂ ವಿಷ ಒತ್ತುತ್ತಿರುತ್ತದೆ. ಆದ್ದರಿಂದ ಉಗುರಿನಲ್ಲಾಗಲಿ ಚಿಮುಟದಲ್ಲಾಗಲಿ ತಡಮಾಡದೆ ತೆಗೆಯಬೇಕು. ಕಡಜದ ಮುಳ್ಳು ಹಾಗೆ ಸಿಕ್ಕಿಕೊಳ್ಳುವುದಿಲ್ಲ. ಒಂದೇ ಕಡಜ ಮತ್ತೆ ಮತ್ತೆ ಚುಚ್ಚಬಲ್ಲದು.

ತಪ್ಪು ಕಲ್ಪನೆ: ಕಡಜ ಎದ್ದರೆ ನೆಲಕ್ಕೆ ಮಲಗಬೇಕು, ಇಲ್ಲವೇ ನೀರಿಗೆ ಹಾರಬೇಕು.

ಸತ್ಯ: ಮಲಗಿದರೆ ಗೂಡಿನ ಬುಡದಲ್ಲೇ ಉಳಿದಂತೆ. ನೀರಿಗೆ ಹಾರಿದವನು ಉಸಿರಿಗೆ ತಲೆ ಎತ್ತಲೇಬೇಕು, ಮುಳುಗುವ ಭಯ ಬೇರೆ. ಅಂಗಿಯನ್ನೋ ಟವೆಲನ್ನೋ ತಲೆಗೆ ಹೊದ್ದು, ಕಣ್ಣು ಬಾಯಿ ಕಾಪಾಡಿಕೊಂಡು, ಮನೆಯೋ ವಾಹನವೋ ಸಿಗುವವರೆಗೆ ಓಡಿ, ಒಳಹೊಕ್ಕು ಬಾಗಿಲು ಹಾಕಿಕೊಳ್ಳಿ. ಹೊಡೆದು ಜಜ್ಜಬೇಡಿ. ಜಜ್ಜಿದ ಹುಳುವಿನ ವಾಸನೆ ಉಳಿದವನ್ನೂ ಕೆರಳಿಸುತ್ತದೆ.

ತಪ್ಪು ಕಲ್ಪನೆ: ಸುಣ್ಣ ಹಚ್ಚಿ ಕಬ್ಬಿಣ ಉಜ್ಜಿದರೆ ವಿಷ ಇಳಿಯುತ್ತದೆ.

ಸತ್ಯ: ವಿಷ ಸೇರಿರುವುದು ಚರ್ಮದ ಕೆಳಗೆ. ಮೇಲೆ ಬಳಿದ ಸುಣ್ಣ ಅಲ್ಲಿಗೆ ಇಳಿಯದು, ಚರ್ಮವನ್ನು ಮಾತ್ರ ಸುಟ್ಟೀತು. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಊತ ಏರುವ ಮೊದಲೇ ಉಂಗುರ, ಬಳೆ ತೆಗೆದುಬಿಡಿ.

ತಪ್ಪು ಕಲ್ಪನೆ: ಹಿಂದೆಯೂ ಕಚ್ಚಿಸಿಕೊಂಡಿದ್ದೇನೆ, ಒಂದೆರಡು ಕಡಿತ ನನಗೆ ಲೆಕ್ಕಕ್ಕಿಲ್ಲ.

ಸತ್ಯ: ಇಷ್ಟೂ ನಂಬಿಕೆಗಳಲ್ಲಿ ಜೀವ ತೆಗೆಯುವ ನಂಬಿಕೆ ಇದು. ಅಲರ್ಜಿ ಇರುವವರಿಗೆ ಒಂದೇ ಕಡಿತ ಸಾಕು. ಹಿಂದಿನ ಕಡಿತವೇ ದೇಹವನ್ನು ಈ ಬಾರಿಯ ವಿಪರೀತ ಪ್ರತಿಕ್ರಿಯೆಗೆ ಸಿದ್ಧಮಾಡಿರಬಹುದು. ಕಚ್ಚಿದ ಜಾಗವಲ್ಲದೆ ಮೈಯೆಲ್ಲ ದದ್ದು ಎದ್ದರೆ, ತುಟಿ ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಕಣ್ಣು ಕತ್ತಲೆಯಾದರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಕರೆ ಮಾಡಿ. ಆಗ ಜೀವ ಉಳಿಸುವ ಔಷಧ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ರೋಗಿಯನ್ನು ನಡೆಸಬೇಡಿ, ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರಾಟ ಕಷ್ಟವಾಗಿದ್ದರೆ ಒರಗಿ ಕೂರಿಸಿ.

ಹತ್ತಾರು ಕಡಿತ ಬಿದ್ದವರಿಗೆ ಅಲರ್ಜಿ ಇಲ್ಲದಿದ್ದರೂ ಆಸ್ಪತ್ರೆಯೇ ಗತಿ. ವಿಷ ಸ್ನಾಯುಗಳನ್ನೂ ರಕ್ತಕಣಗಳನ್ನೂ ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಮೊದಲ ದಿನ ಚೆನ್ನಾಗಿದ್ದವರಲ್ಲೂ ಆಮೇಲೆ ಮೂತ್ರ ಕಪ್ಪಾಗಬಹುದು, ಕಡಿಮೆಯಾಗಬಹುದು. ಈ ಲಕ್ಷಣವನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ತಪ್ಪು ಕಲ್ಪನೆ: ಗೂಡು ಕಂಡ ಮೇಲೆ ನಾಶ ಮಾಡಲೇಬೇಕು.

ಸತ್ಯ: ಮನೆ, ಶಾಲೆ, ಕಾಲುದಾರಿಯ ಪಕ್ಕದಲ್ಲಿದ್ದರೆ ತೆಗೆಸಲೇಬೇಕು. ಆದರೆ ರಕ್ಷಣಾ ಉಡುಪಿರುವ, ಪಳಗಿದವರಿಂದಲೇ ತೆಗೆಸಿ. ಪಂಚಾಯತಿಯಲ್ಲಿ ವಿಚಾರಿಸಿದರೆ ಯಾರನ್ನು ಕರೆಯಬೇಕೆಂದು ತಿಳಿದೀತು. ಯಾರೂ ಸುಳಿಯದ ಬೇಲಿಮೂಲೆಯ ಗೂಡಾದರೆ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ, ಕೆಲಸದವರಿಗೂ ಮಕ್ಕಳಿಗೂ ಜಾಗ ತೋರಿಸಿ, ಆ ಭಾಗದಲ್ಲಿ ಯಂತ್ರ ಓಡಿಸುವುದನ್ನು ಬಿಡಿ. ಕಡಜಗಳೂ ಹುಳು ಹಿಡಿದು ಮರಿಗಳಿಗೆ ಉಣಿಸುವ ಬೇಟೆಗಾರರು.

ಈ ಸಲ ಹುಲ್ಲು ಸವರುವ ಮೊದಲು ಕಣ್ಣಿಟ್ಟು ಒಂದು ಸುತ್ತು ತೋಟ ನಡೆದು ಬನ್ನಿ. 108ರ ಸಂಖ್ಯೆ, ಹತ್ತಿರದ ಆಸ್ಪತ್ರೆಯ ದಾರಿ ಮನೆಯವರಿಗೂ ಕೆಲಸದವರಿಗೂ ಗೊತ್ತಿರಲಿ. ತೋಟಕ್ಕೆ ಇಳಿಯುವವರು ಸಂಜೆ ಸುರಕ್ಷಿತವಾಗಿ ಮನೆ ಸೇರುವುದು ಎಲ್ಲಕ್ಕಿಂತ ಮುಖ್ಯ.