ವಿಮಾನದ ಬಿರುಕಿಗೆ ಕಂಪ್ಯೂಟರ್ ಕಾವಲು

1988ರ ಏಪ್ರಿಲ್ 28. ಹವಾಯಿ ದ್ವೀಪಗಳ ಮೇಲೆ 24,000 ಅಡಿ ಎತ್ತರದಲ್ಲಿ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಛಾವಣಿ ಸುಮಾರು 18 ಅಡಿ ಉದ್ದಕ್ಕೆ ಕಿತ್ತುಹೋಯಿತು. ಗಗನಸಖಿಯೊಬ್ಬರು ಗಾಳಿಯ ಸೆಳೆತಕ್ಕೆ ಸಿಕ್ಕಿ ಕಣ್ಮರೆಯಾದರು. ಉಳಿದ 94 ಮಂದಿ ಬದುಕಿ ಬಂದರು. ಕಾರಣವೇನು? ರಿವೆಟ್ ಸಾಲಿನಲ್ಲಿ ಬೆಳೆದಿದ್ದ ಸಣ್ಣ ಸಣ್ಣ ಬಿರುಕುಗಳು!

ಮೇಲೇರಿದಾಗಲೆಲ್ಲ ಒಳಗಿನ ಗಾಳಿಯ ಒತ್ತಡಕ್ಕೆ ವಿಮಾನದ ಮೈ ತುಸು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ತಂತಿಯನ್ನು ಹಿಂದೆಮುಂದೆ ಬಗ್ಗಿಸುತ್ತಿದ್ದರೆ ತುಂಡಾಗುವುದಿಲ್ಲವೇ? ಹಾಗೆಯೇ ಲೋಹವೂ ದಣಿಯುತ್ತದೆ. ಆ ವಿಮಾನ 89,000ಕ್ಕೂ ಹೆಚ್ಚು ಸಲ ಹಾರಿತ್ತು.

ಬಿಚ್ಚಲಾಗದ ಭಾಗಗಳೊಳಗಿನ ಬಿರುಕನ್ನು ಕಾಣಲು ಎಕ್ಸ್‌ರೇ ನೆರವಾಗುತ್ತದೆ. ಬಿರುಕಿರುವಲ್ಲಿ ಲೋಹ ಕಡಿಮೆ. ಕಿರಣ ಹೆಚ್ಚು ತೂರುತ್ತದೆ. ಫಿಲ್ಮಿನಲ್ಲಿ ಅದು ಕಪ್ಪು ಗೆರೆ. ಡಿಜಿಟಲ್ ವಿಧಾನದಲ್ಲಿ ಫಿಲ್ಮ್ ತೊಳೆಯುವ ಕೆಲಸವಿಲ್ಲ. ಚಿತ್ರ ನೇರವಾಗಿ ಕಂಪ್ಯೂಟರಿಗೆ ಬರುತ್ತದೆ. ಸುತ್ತಲಿನ ಛಾಯೆಗಿಂತ ಬೇರೆಯಾಗಿರುವ ಗೆರೆಗಳನ್ನು ಅದು ಹುಡುಕಿ ಗುರುತು ಹಾಕುತ್ತದೆ. ನೂರನೆಯ ಚಿತ್ರಕ್ಕೂ ಅದರ ಕಣ್ಣು ಸೋಲದು.

ಆದರೆ ಬರಿಯ ಗೀರನ್ನೂ ಅದು ಬಿರುಕೆಂದು ಭ್ರಮಿಸಬಹುದು. ಕಿರಣ ಬಿರುಕಿಗೆ ಓರೆಯಾಗಿ ಬಿದ್ದರೆ ಗೆರೆಯೇ ಮೂಡದಿರಬಹುದು. ಆದ್ದರಿಂದ ಕಿರಣವನ್ನು ಯಾವ ಕೋನದಲ್ಲಿ ಹಾಯಿಸಬೇಕು, ಕಂಡದ್ದು ನಿಜವಾಗಿ ಬಿರುಕೇ ಎಂದು ತೀರ್ಮಾನಿಸಲು ಲೋಹದ ಗುಣ ಬಲ್ಲ ಪರಿಣತರೇ ಬೇಕು. ಕಂಪ್ಯೂಟರ್ ಬೆರಳು ತೋರಿಸಬಲ್ಲದು. ವಿಮಾನ ಹಾರಲಿ ಎಂದು ಸಹಿ ಹಾಕುವ ಹೊಣೆ ಮನುಷ್ಯನದೇ.